ಕರೆಂಟ್ ಹೋಗಿತ್ತು ಸಾರ್

ಕಾಲೇಜಿನಲ್ಲಿ 31 ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕಗಳು ಹೆಚ್ಚೋ, ಕಿವಿಯ ಮೇಲೆ ಬಿದ್ದ ನೆಪಗಳು ಹೆಚ್ಚೋ ಹೇಳುವುದು ಕಷ್ಟ. ಬಸ್ಸು ತಪ್ಪಿತು, ಹೊಟ್ಟೆನೋವು, ನೋಟ್ಸು ಗೆಳೆಯನ ಮನೆಯಲ್ಲೇ ಉಳಿಯಿತು, ಮನೆಗೆ ನೆಂಟರು ಬಂದಿದ್ದರು. ಒಬ್ಬ ಹುಡುಗನ ಅಜ್ಜಿಯಂತೂ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದರು. ಕೊನೆಗೊಂದು ದಿನ ಆ ಅಜ್ಜಿಯೇ ಕಾಲೇಜಿಗೆ ಬಂದು ಮೊಮ್ಮಗನ ಹಾಜರಾತಿ ವಿಚಾರಿಸಿಕೊಂಡು ಹೋದರು! ಇವೆಲ್ಲಕ್ಕೂ ದೊರೆಯಂಥ ನೆಪ ಮಾತ್ರ ಒಂದೇ: 'ಕರೆಂಟ್ ಹೋಗಿತ್ತು ಸಾರ್.' ಈಗ ಅದರ ಪಕ್ಕದಲ್ಲಿ 'ನೆಟ್‌ವರ್ಕ್ ಇರಲಿಲ್ಲ' ಬಂದು ಕೂತಿದೆ ಎಂದು ಇನ್ನೂ ಕೆಲಸದಲ್ಲಿರುವ ಗೆಳೆಯರು ಹೇಳುತ್ತಾರೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಿದ ಕೂಡಲೇ ನಗುತ್ತೇವೆ. ನೆಲ ಸರಿಯಾಗಿಯೇ ಇತ್ತು, ಡೊಂಕೆಲ್ಲ ಅವಳ ಕಾಲಿನಲ್ಲೇ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತೇವೆ. ನನಗೇಕೋ ಆ ಹೆಣ್ಣುಮಗಳ ಬಗ್ಗೆ ಸ್ವಲ್ಪ ಕನಿಕರ. ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಯಾರೂ ಹೋಗಿ ನೋಡಿ ಬಂದ ಹಾಗೆ ಕಾಣುವುದಿಲ್ಲ. ಅಜ್ಜಿಯನ್ನು ಮೂರು ಸಲ ಸಾಯಿಸುವ ಹುಡುಗರು ಅಪರೂಪ. ನಾನು ಕೇಳಿದ ನೆಪಗಳಲ್ಲಿ ಬಹುಪಾಲು ನಿಜವೇ ಆಗಿದ್ದವು. ಕರೆಂಟ್ ಹೋಗಿಯೇ ಇತ್ತು. ಸುಳ್ಳು ನೆಪ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. ನಿಜವಾದ ನೆಪ ಎಂದಿಗೂ ಸಿಕ್ಕಿಬೀಳುವುದಿಲ್ಲ. ಆದ್ದರಿಂದಲೇ ಅದನ್ನು ಬಿಡುವುದು ಕಷ್ಟ.

ಈ ಮಾತು ಮತ್ತೆ ನೆನಪಾಗಲು ಕಾರಣ ನಮ್ಮ ಬಡಾವಣೆಯ ಒಬ್ಬ ತಾಯಿ. ಮೂರು ತಿಂಗಳ ಹಿಂದೆ ಒಂದು ಸಂಜೆ ಮಗನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ನಮ್ಮ ಮನೆಗೆ ಬಂದರು. ಹುಡುಗ ಎರಡನೇ ಪಿಯುಸಿ, ವಿಜ್ಞಾನ. ಗಣಿತದ ಕಿರುಪರೀಕ್ಷೆಯಲ್ಲಿ 50ಕ್ಕೆ 14.

'ನೀವಾದ್ರೂ ಇವನಿಗೆ ಬುದ್ಧಿ ಹೇಳಿ ಸಾರ್. ಏನು ಕೇಳಿದ್ರೂ ಒಂದು ನೆಪ ರೆಡಿ ಇರುತ್ತೆ. ಬಾಯಿಬಿಟ್ರೆ ಸುಳ್ಳು' ಎಂದರು ತಾಯಿ.

ಹುಡುಗ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದವನು ತಟ್ಟನೆ ಮುಖ ಎತ್ತಿದ. 'ಸುಳ್ಳು ಹೇಳ್ತಿಲ್ಲ ಸಾರ್. ಟೆಸ್ಟ್ ಹಿಂದಿನ ದಿನ ಆರೂವರೆಗೆ ಕರೆಂಟ್ ಹೋಯ್ತು. ಅದರ ಹಿಂದಿನ ದಿನ ಪಕ್ಕದ ಮನೆ ನಾಮಕರಣ, ಮೈಕ್ ಹಾಕಿದ್ರು. ಅಮ್ಮನೇ ನನ್ನ ಅಂಗಡಿಗೆ ಎರಡು ಸಲ ಕಳಿಸಿದ್ರು. ಬೇಕಾದ್ರೆ ಕೇಳಿ.'

ತಾಯಿಯ ಮುಖ ನೋಡಿದೆ. ಅವರು ಸುಮ್ಮನಾದರು. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಸುಳ್ಳುಗಾರ ಅಂದದ್ದರಿಂದ ಅವನಿಗೆ ನೋವಾಗಿತ್ತು. ಆ ನೋವೂ ನಿಜವೇ. ಹೆತ್ತವರು ಇಲ್ಲಿ ಒಂದು ತಪ್ಪು ಮಾಡುತ್ತೇವೆ. ನೆಪ ಎಂದರೆ ಸುಳ್ಳು ಎಂದು ಭಾವಿಸಿ ಅದನ್ನು ಒಡೆಯಲು ಹೋಗುತ್ತೇವೆ. ಮಗು ಸಾಕ್ಷಿ ಸಮೇತ ಗೆದ್ದುಬಿಡುತ್ತದೆ. ಅಲ್ಲಿಗೆ ಮಾತು ಮುಗಿಯಿತು; 14 ಅಂಕ ಹಾಗೇ ಉಳಿಯಿತು.

ನಾನು ಆ ಹುಡುಗನಿಗೆ ಬುದ್ಧಿ ಹೇಳಲಿಲ್ಲ. ಗಾಂಧೀಜಿಯವರ ಆತ್ಮಕಥೆಯಲ್ಲಿ ಬರುವ ಒಂದು ಸಣ್ಣ ಪ್ರಸಂಗ ಹೇಳಿದೆ. ಉಪ್ಪಿನ ಸತ್ಯಾಗ್ರಹವೂ ಅಲ್ಲ, ದಕ್ಷಿಣ ಆಫ್ರಿಕದ ರೈಲೂ ಅಲ್ಲ. ರಾಜಕೋಟೆಯಲ್ಲಿ ಅವರು ಹೈಸ್ಕೂಲು ಓದುತ್ತಿದ್ದಾಗಿನದು. ಗಿಮಿ ಎಂಬ ಹೆಡ್‌ಮಾಸ್ಟರು ದೊಡ್ಡ ತರಗತಿಯ ಹುಡುಗರಿಗೆ ಅಂಗಸಾಧನೆಯನ್ನು ಕಡ್ಡಾಯ ಮಾಡಿದ್ದರು. ಮೋಹನದಾಸನಿಗೆ ಅದು ಇಷ್ಟವಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಮನೆಗೆ ಹೋಗಿ ಕಾಯಿಲೆಯ ತಂದೆಯ ಸೇವೆ ಮಾಡಬೇಕೆಂಬ ಆಸೆ. ಒಂದು ಶನಿವಾರ ಬೆಳಗಿನ ಶಾಲೆ. ಸಂಜೆ ನಾಲ್ಕಕ್ಕೆ ಮತ್ತೆ ಅಂಗಸಾಧನೆಗೆ ಬರಬೇಕಿತ್ತು. ಹುಡುಗನ ಬಳಿ ಗಡಿಯಾರ ಇರಲಿಲ್ಲ. ಮೋಡ ಕವಿದು ಹೊತ್ತು ತಿಳಿಯಲಿಲ್ಲ. ಹೋಗುವಷ್ಟರಲ್ಲಿ ಎಲ್ಲರೂ ಮನೆಗೆ ಹೊರಟುಹೋಗಿದ್ದರು. ಮರುದಿನ ಹೆಡ್‌ಮಾಸ್ಟರು ಕಾರಣ ಕೇಳಿದಾಗ ನಡೆದದ್ದನ್ನು ಹೇಳಿದ. ಅವರು ನಂಬಲಿಲ್ಲ. ಒಂದೋ ಎರಡೋ ಆಣೆ ದಂಡ ಹಾಕಿದರು. ದಂಡಕ್ಕಿಂತ ಸುಳ್ಳುಗಾರ ಎನಿಸಿಕೊಂಡದ್ದಕ್ಕೆ ಹುಡುಗ ಅತ್ತುಬಿಟ್ಟ.

ಇಲ್ಲಿಯವರೆಗೆ ಇದು ಯಾವ ಹುಡುಗನ ಕತೆಯಾದರೂ ಆಗಬಹುದು. ಕಾರಣ ನಿಜ, ಹೆಡ್‌ಮಾಸ್ಟರು ಕಠಿಣ, ಅನ್ಯಾಯ ಆಯಿತು. ನಾವಾಗಿದ್ದರೆ ಹತ್ತು ಜನರಿಗೆ ಹೇಳಿಕೊಂಡು ತಿರುಗುತ್ತಿದ್ದೆವು. ಆ ಹುಡುಗ ಕಂಡುಕೊಂಡದ್ದೇ ಬೇರೆ. ಸತ್ಯವಂತನಾಗಿದ್ದರೆ ಸಾಲದು, ಎಚ್ಚರದಿಂದಲೂ ಇರಬೇಕು ಎಂದು ಅವನಿಗೆ ಹೊಳೆಯಿತು. ಶಾಲೆಯಲ್ಲಿ ತಾನು ಅಜಾಗರೂಕನಾದದ್ದು ಅದೇ ಮೊದಲು, ಅದೇ ಕೊನೆ ಎಂದು ಗಾಂಧೀಜಿ ಬರೆದುಕೊಂಡಿದ್ದಾರೆ. ದಂಡವನ್ನು ಆಮೇಲೆ ಮಾಫಿ ಮಾಡಿಸಿಕೊಂಡ ಮಸುಕಾದ ನೆನಪೂ ಅವರಿಗಿದೆ. ಮೋಡವಂತೂ ನಿಜವಾಗಿ ಕವಿದಿತ್ತು. ಆದರೆ ಗಡಿಯಾರವಿಲ್ಲದವನು ಮೋಡದ ದಿನ ಒಂದು ತಾಸು ಮೊದಲೇ ಹೊರಡಬಹುದಿತ್ತಲ್ಲ?

ಹಾಗೆಂದು ಗಾಂಧೀಜಿ ಎಲ್ಲದರಲ್ಲೂ ಗೆದ್ದವರೇನಲ್ಲ. ಅದೇ ಅಧ್ಯಾಯದಲ್ಲಿ ತಮ್ಮ ಕೆಟ್ಟ ಕೈಬರಹದ ವಿಷಯವೂ ಇದೆ. ವಿದ್ಯೆಗೆ ಒಳ್ಳೆಯ ಅಕ್ಷರ ಬೇಕಿಲ್ಲ ಎಂಬ ಕಲ್ಪನೆ ಹುಡುಗನ ತಲೆಗೆ ಹೇಗೋ ಹೊಕ್ಕಿತ್ತಂತೆ. ಮುಂದೆ ದಕ್ಷಿಣ ಆಫ್ರಿಕದಲ್ಲಿ ವಕೀಲರ, ಅಲ್ಲಿಯೇ ಓದಿದ ಯುವಕರ ಮುತ್ತಿನಂಥ ಅಕ್ಷರ ನೋಡಿ ನಾಚಿಕೊಂಡರು, ತಿದ್ದಿಕೊಳ್ಳಲು ನೋಡಿದರು. ಹೊತ್ತು ಮೀರಿತ್ತು.

ಪ್ರಸಂಗ ಕೇಳಿ ಹುಡುಗ ಏನೂ ಹೇಳಲಿಲ್ಲ. ಆದರೆ ತಾಯಿ ಒಂದು ಮಾತು ಹೇಳಿದರು. ಆ ಮಾತನ್ನು ಪ್ರತಿ ವರ್ಷ ಪೋಷಕರ ಸಭೆಯಲ್ಲಿ ಕನಿಷ್ಠ ಇಪ್ಪತ್ತು ಸಲ ಕೇಳಿದ್ದೇನೆ. 'ತಲೆ ಇದೆ ಸಾರ್ ಇವನಿಗೆ, ಓದಲ್ಲ ಅಷ್ಟೇ. ಎಸ್ಎಸ್ಎಲ್‌ಸಿಲಿ ಪುಸ್ತಕಾನೇ ಮುಟ್ಟದೆ 94 ಪರ್ಸೆಂಟ್ ತೆಗೆದ.'

ಹುಡುಗನ ಮುಖದಲ್ಲಿ ಸಣ್ಣದೊಂದು ಬೆಳಕು ಬಂತು. ನನಗೆ ಅವನ ಕಾಯಿಲೆ ಗೊತ್ತಾದದ್ದು ಆಗ.

ಯೋಚಿಸಿ ನೋಡಿ. 'ತಲೆ ಇದೆ, ಓದಲ್ಲ' ಎಂಬುದು ಬೈಗುಳದಂತೆ ಕೇಳಿಸುತ್ತದೆ. ಒಳಗೆ ಅದೊಂದು ಬಿರುದು. ಆ ಬಿರುದು ಇಟ್ಟುಕೊಂಡ ಹುಡುಗನಿಗೆ ಓದುವುದೇ ಅಪಾಯ. ಓದದೆ 14 ಬಂದರೆ ತಲೆ ಇನ್ನೂ ಇದೆ ಎಂದೇ ಅರ್ಥ. ರಾತ್ರಿ ಹಗಲು ಓದಿದ ಮೇಲೂ 20 ಬಂದರೆ? 'ಓದಿದ, ಆದರೂ ಬರಲಿಲ್ಲ' ಎಂದಾಗುತ್ತದೆ. ಅದಕ್ಕಿಂತ ಕರೆಂಟ್ ಹೋಗುವುದೇ ವಾಸಿ.

ಇದು ನನ್ನ ಊಹೆಯೊಂದೇ ಅಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಪ್ರಶ್ನೆಗಳನ್ನು ಕೊಟ್ಟರು. ಒಂದು ಗುಂಪಿನ ಪ್ರಶ್ನೆಗಳಿಗೆ ಸರಿ ಉತ್ತರವಿತ್ತು. ಇನ್ನೊಂದು ಗುಂಪಿನ ಪ್ರಶ್ನೆಗಳಲ್ಲಿ ಬಹುಪಾಲು ಉತ್ತರವೇ ಇಲ್ಲದವು, ಏನು ಬರೆದರೂ ಊಹೆಯೇ. ಎರಡೂ ಗುಂಪಿಗೆ 'ಬಹಳ ಚೆನ್ನಾಗಿ ಮಾಡಿದ್ದೀರಿ' ಎಂದರು. ಆಮೇಲೆ, ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಮೊದಲು ಎರಡು ಔಷಧಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಒಂದು ಬುದ್ಧಿಯನ್ನು ಚುರುಕು ಮಾಡುವಂಥದು, ಇನ್ನೊಂದು ಮಂಕು ಮಾಡುವಂಥದು. ನಿಜಕ್ಕೂ ಯಾರಿಗೂ ಏನನ್ನೂ ಕುಡಿಸಲಿಲ್ಲ. ಆಯ್ಕೆ ನೋಡುವುದಷ್ಟೇ ಉದ್ದೇಶ. ತಾವು ಹೇಗೆ ಗೆದ್ದೆವೆಂದು ತಮಗೇ ತಿಳಿಯದಿದ್ದ ಹುಡುಗರಲ್ಲಿ ಹೆಚ್ಚಿನವರು ಮಂಕು ಮಾಡುವ ಔಷಧಿಯನ್ನೇ ಕೇಳಿದರು! ಮುಂದಿನ ಸಲ ಸೋತರೆ ತಪ್ಪು ಔಷಧಿಯದಾಗುತ್ತದೆ, ತಲೆಯದಲ್ಲ. ಹುಡುಗಿಯರಲ್ಲಿ ಈ ಒಲವು ಕಾಣಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಇದನ್ನು ಓದಿ, ಅದಕ್ಕೆ ಪ್ರಯೋಗ ಯಾಕೆ ಬೇಕಿತ್ತು ಎಂದು ಕೇಳಿದರು.

ನಮ್ಮ ಹುಡುಗನಿಗೆ ಕರೆಂಟೇ ಆ ಔಷಧಿ. ಪರೀಕ್ಷೆಗೆ ಮೊದಲೇ ಕುಡಿದಿಟ್ಟುಕೊಳ್ಳುವಂಥದು.

ಆ ಬಿರುದನ್ನು ಕೊಟ್ಟವರು ಯಾರು? ನಾವೇ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬಿಬ್ಬರು ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಒಂದು ಸುತ್ತಿನ ಒಗಟುಗಳನ್ನು ಬಿಡಿಸಿದ ಮೇಲೆ ಕೆಲವರಿಗೆ 'ನೀನು ಜಾಣ' ಎಂದೂ, ಕೆಲವರಿಗೆ 'ಚೆನ್ನಾಗಿ ಶ್ರಮ ಪಟ್ಟಿದ್ದೀಯ' ಎಂದೂ ಹೊಗಳಿದರು. ಎರಡನೆಯ ಸುತ್ತು ಬಹಳ ಕಷ್ಟದ್ದು. ಎಲ್ಲ ಮಕ್ಕಳೂ ಎಡವಿದರು. ಆಮೇಲೆ ಬೇರೆ ಶಾಲೆಯ, ಮುಖ ಕಾಣದ ಮಕ್ಕಳಿಗೆ ಈ ಒಗಟುಗಳ ಬಗ್ಗೆ ಬರೆಯಿರಿ, ನಿಮ್ಮ ಅಂಕವನ್ನೂ ತಿಳಿಸಿ ಎಂದರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ನೂರಕ್ಕೆ 13 ಮಕ್ಕಳು ಅಂಕವನ್ನು ಸುಳ್ಳು ಬರೆದರು. ಜಾಣ ಎನಿಸಿಕೊಂಡವರಲ್ಲಿ ನೂರಕ್ಕೆ 38! ಯಾರೆಂದೇ ಗೊತ್ತಿಲ್ಲದ ಮಕ್ಕಳ ಮುಂದೆಯೂ ಆ ಒಂದು ಪದವನ್ನು ಉಳಿಸಿಕೊಳ್ಳುವ ಹೋರಾಟ. ಮೂರನೆಯ ಸುತ್ತಿನಲ್ಲಿ ಅವರೇ ಹಿಂದೆ ಬಿದ್ದರು ಕೂಡ.

ಆ ತಾಯಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. 'ಅಮ್ಮಾ, ಮೂರು ತಿಂಗಳು ಇವನಿಗೆ ತಲೆ ಇದೆ ಅಂತ ಯಾರ ಹತ್ತಿರಾನೂ ಹೇಳಬೇಡಿ. ಇಲ್ಲ ಅಂತಲೂ ಹೇಳಬೇಡಿ' ಎಂದೆ. ಅವರಿಗೆ ನನ್ನ ಮೇಲೆ ಸ್ವಲ್ಪ ಅನುಮಾನ ಬಂದಂತಿತ್ತು.

ಹುಡುಗನ ಕೈಗೆ ಒಂದು ಹಳೆಯ ಡೈರಿ ಕೊಟ್ಟೆ. ಪುಟದ ನಡುವೆ ಒಂದು ಗೆರೆ. ಎಡಗಡೆ 'ಏನಾಯಿತು', ಬಲಗಡೆ 'ಆಮೇಲೆ ನಾನೇನು ಮಾಡಿದೆ'. ಎಡಗಡೆ ಎಷ್ಟು ಬೇಕಾದರೂ ಬರಿ, ನಾನು ಒಂದನ್ನೂ ಸುಳ್ಳು ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಬಲಗಡೆ ಖಾಲಿ ಬಿಡಬಾರದು, ಏನೂ ಮಾಡದಿದ್ದರೆ 'ಏನೂ ಇಲ್ಲ' ಅಂತಲೇ ಬರಿ.

ಮೊದಲ ವಾರ ಡೈರಿಯೇ ಬರಲಿಲ್ಲ. ಮರೆತುಹೋಯ್ತಂತೆ. ಎರಡನೆಯ ವಾರ ತಂದ. ಎಡಗಡೆ ತುಂಬಿ ತುಳುಕುತ್ತಿತ್ತು; ಒಳ್ಳೆಯ ಅಕ್ಷರ, ವಿವರವಾದ ವರದಿ. ಬಲಗಡೆ 'ಏನೂ ಇಲ್ಲ', 'ಏನೂ ಇಲ್ಲ', ಒಂದು ಕಡೆ 'ಮೊಬೈಲ್'. ಒಂದು ದಿನದ ಲೆಕ್ಕ ಹೀಗಿತ್ತು: 'ಆರೂವರೆಗೆ ಕರೆಂಟ್ ಹೋಯಿತು. ಏಳೂವರೆಗೆ ಬಂತು.' ಬಲಗಡೆ ಏನೂ ಇಲ್ಲ. 'ಮಲಗಿದ್ದು ಎಷ್ಟಕ್ಕಪ್ಪಾ?' ಎಂದು ಕೇಳಿದೆ. ಹನ್ನೊಂದಕ್ಕೆ. ಏಳೂವರೆಯಿಂದ ಹನ್ನೊಂದರವರೆಗೆ ಮೂರೂವರೆ ಗಂಟೆ ದೀಪ ಉರಿದಿತ್ತು. ಒಂದು ಗಂಟೆಯ ಕತ್ತಲೆ ಇಡೀ ಸಂಜೆಯನ್ನು ನುಂಗಿತ್ತು. ಗಣಿತದ ವಿದ್ಯಾರ್ಥಿ ತಾನೇ ಕಳೆದು ನೋಡಿ ನಕ್ಕುಬಿಟ್ಟ. ಮೊದಲ ಸಲ ನಕ್ಕದ್ದು.

ಆಗ ಇನ್ನೊಂದು ಸಣ್ಣ ಕೆಲಸ ಹೇಳಿದೆ. 'ಇನ್ನು ಚೆನ್ನಾಗಿ ಓದುತ್ತೇನೆ' ಎಂಬ ಪ್ರತಿಜ್ಞೆ ಬೇಡ. ಅದನ್ನು ನಾವೆಲ್ಲ ಪ್ರತಿ ಯುಗಾದಿಗೂ ಮಾಡುತ್ತೇವೆ. 'ಕರೆಂಟ್ ಹೋದರೆ ವರಾಂಡದಲ್ಲಿ ಕೂತು ಚಾರ್ಜಿನ ದೀಪದಲ್ಲಿ ಸೂತ್ರ ಬರೆಯುತ್ತೇನೆ' ಎಂದು ಜಾಗ, ಹೊತ್ತು ಸಹಿತ ಮೊದಲೇ ಬರೆದಿಡು ಎಂದೆ. ಜರ್ಮನಿಯ ಪೀಟರ್ ಗೊಲ್ವಿಟ್ಸರ್ ಮತ್ತು ವೆರೊನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಇದನ್ನು ಸೊಗಸಾಗಿ ತೋರಿಸಿದ್ದಾರೆ. ಕ್ರಿಸ್‌ಮಸ್ ಮುನ್ನಾದಿನವನ್ನು ಹೇಗೆ ಕಳೆದಿರೆಂದು ಎರಡು ದಿನದೊಳಗೆ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಹಬ್ಬದ ಗಡಿಬಿಡಿ, ನೆಪಕ್ಕೇನು ಕೊರತೆ? ಎಲ್ಲಿ ಕೂತು, ಯಾವಾಗ ಬರೆಯುತ್ತೇನೆಂದು ಮೊದಲೇ ಗುರುತು ಹಾಕಿಕೊಂಡವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಬರೆದರು. ಬರೀ ಒಪ್ಪಿಕೊಂಡು ಹೋದವರಲ್ಲಿ ಮೂರನೇ ಒಂದು ಪಾಲು ಮಾತ್ರ.

ಐದನೆಯ ವಾರ ಡೈರಿಯಲ್ಲಿ ಒಂದು ಹೊಸ ಸಾಲು ಬಂತು. ಎಡಗಡೆ: 'ಕರೆಂಟ್ ಇತ್ತು. ಶಬ್ದ ಇರಲಿಲ್ಲ. ಕೂತೆ. ಅರ್ಥ ಆಗಲಿಲ್ಲ.' ಕೆಳಗೆ ಪೆನ್ಸಿಲಿನಲ್ಲಿ, ಅಳಿಸಿ ಮತ್ತೆ ಬರೆದದ್ದು: 'ಫಸ್ಟ್ ಪಿಯು ಲಿಮಿಟ್ಸ್ ನನಗೆ ಬರಲ್ಲ.'

ಒಂದೂವರೆ ವರ್ಷದಿಂದ ಆ ಹುಡುಗ ಇದನ್ನು ಯಾರಿಗೂ ಹೇಳಿರಲಿಲ್ಲ. ಮೊದಲ ವರ್ಷ ಆ ಪಾಠ ನಡೆದಾಗ ಕೈ ಎತ್ತಿ ಕೇಳಲು ನಾಚಿಕೆ. 94 ತೆಗೆದವನು ಕೇಳುವುದೇ? ಅದು ಬರದಿದ್ದರೆ ಎರಡನೇ ವರ್ಷದ ಅವಕಲನ ಬರುವುದಿಲ್ಲ, ಅದು ಬರದಿದ್ದರೆ ಅನುಕಲನ ಕೈಗೆ ಹತ್ತುವುದಿಲ್ಲ. ಕರೆಂಟು, ಮೈಕು, ಅಂಗಡಿ ಎಲ್ಲ ಸೇರಿ ಈ ಒಂದು ಸಾಲನ್ನು ಮುಚ್ಚಿಟ್ಟಿದ್ದವು. ಇದನ್ನು ಸರಿಪಡಿಸುವುದು ಅಂಥ ದೊಡ್ಡ ಕೆಲಸವೂ ಅಲ್ಲ. ಒಂಬತ್ತು ಸಂಜೆ ಕೂತೆವು. ಕಳೆದ ಕಿರುಪರೀಕ್ಷೆಯಲ್ಲಿ 50ಕ್ಕೆ 27 ಬಂದಿದೆ. ತಾಯಿಗೆ ಸಮಾಧಾನವಿಲ್ಲ. ನನಗಿದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಅಂಕಣ ಓದಿ ಯಾರಾದರೂ ತಂದೆ 'ನೋಡು, ನೆಪ ಹೇಳಬೇಡ' ಎಂದು ಮನೆಯಲ್ಲಿ ಬೆತ್ತ ಹಿಡಿದಾರು ಎಂಬ ಭಯ ನನಗೆ. ಕೆಲವು ಮಕ್ಕಳ ನೆಲ ಎಷ್ಟು ಡೊಂಕೆಂದರೆ ಅದನ್ನು ದೊಡ್ಡವರೇ ಸರಿಮಾಡಿಕೊಡಬೇಕು. ಬೆಳಿಗ್ಗೆ ಎದ್ದು ಹಟ್ಟಿ ಗುಡಿಸಿ, ಅಡುಗೆಗೆ ಕೈಹಾಕಿ, ಇರುವ ಒಂದೇ ಬಸ್ಸಿಗೆ ಓಡಿ ಬರುವ ಹುಡುಗಿ ತಡವಾದರೆ ಡೈರಿಯ ಬಲಗಡೆ ಬರೆಯಬೇಕಾದವರು ಮನೆಯವರು, ಕಾಲೇಜಿನವರು. ಅವಳಲ್ಲ.

ಅಂಥ ಒಬ್ಬ ಹುಡುಗಿ ನನ್ನ ವಿದ್ಯಾರ್ಥಿನಿಯಾಗಿದ್ದಳು. 2006ರ ಮಾತು. ತಂದೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಮನೆಯಲ್ಲಿ ಒಂದು ಹಸು, ಅದರದೊಂದು ಕಡಸು. ಟ್ರಸ್ಟೊಂದರ ವಿದ್ಯಾರ್ಥಿವೇತನದ ಅರ್ಜಿ ತಂದು, ನನ್ನ ಸಹಿ ಬೇಕೆಂದು ಕೊಟ್ಟು ಹೋದಳು. ಆಗೆಲ್ಲ ಕಾಗದದ ಅರ್ಜಿ. ಮೇಜಿನ ಡ್ರಾಯರಿನಲ್ಲಿಟ್ಟೆ. ಪೂರಕ ಪರೀಕ್ಷೆಯ ಮೌಲ್ಯಮಾಪನಕ್ಕೆ ಬೇರೆ ಊರಿಗೆ ಹೋಗಬೇಕಾಯಿತು. ಹಿಂದೆಯೇ ನನ್ನ ಮಗಳಿಗೆ ಜ್ವರ. ಡ್ರಾಯರು ತೆರೆಯುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದು ಎರಡು ದಿನವಾಗಿತ್ತು. 'ಮೌಲ್ಯಮಾಪನದ ಗಡಿಬಿಡಿ ಕಣಮ್ಮಾ, ಮಗಳಿಗೆ ಬೇರೆ ಹುಷಾರಿರಲಿಲ್ಲ' ಎಂದೆ. ಎರಡೂ ನಿಜ. 'ಪರವಾಗಿಲ್ಲ ಸಾರ್' ಎಂದಳು. ಫೀಸು ಕಟ್ಟಲು ಆ ಕಡಸನ್ನು ಮಾರಿದರೆಂದು ಆಮೇಲೆ ಅಟೆಂಡರ್ ಹೇಳಿದ. ಒಂದು ಸಹಿ ಹಾಕಲು ಅರ್ಧ ನಿಮಿಷ ಸಾಕು. ತಪ್ಪು ನನ್ನದು ಎಂಬ ಮಾತು ಆವತ್ತೂ ನನ್ನ ಬಾಯಿಂದ ಬರಲಿಲ್ಲ, ಅವಳು ಕಾಲೇಜು ಬಿಡುವವರೆಗೂ ಬರಲಿಲ್ಲ.

ಲಿಮಿಟ್ಸಿನ ಸಾಲು ಬರೆದ ದಿನ ಹುಡುಗನ ಮುಖ ಸಣ್ಣದಾಗಿತ್ತು. ಅವನನ್ನು ಸಮಾಧಾನ ಮಾಡಲು ಈ ವಿಷಯ ಹೇಳಿದೆ. ಅವನು ಪೂರ್ತಿ ಕೇಳಿ, 'ಆಮೇಲಾದ್ರೂ ಆ ಅಕ್ಕನಿಗೆ ಹೇಳಿದ್ರಾ ಸಾರ್?' ಎಂದ.

'ಇಲ್ಲಪ್ಪಾ. ಅವಳು ಪಿಯುಸಿ ಮುಗಿಸಿ ಹೊರಟುಹೋದಳು, ಫೋನ್ ನಂಬರು ಇರಲಿಲ್ಲ, ನನಗೂ ವರ್ಗವಾಯಿತು…'

ಹುಡುಗ ಏನೂ ಅನ್ನಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಡೈರಿಯನ್ನು ನೋಡಿದ. ಬಲಗಡೆಯ ಅಂಕಣವನ್ನು.

ಮರುದಿನ ಆ ಹಳೆಯ ಅಟೆಂಡರನಿಗೆ ಫೋನು ಮಾಡಿದೆ. ಅವನಿಗೆ ಅವಳ ಚಿಕ್ಕಪ್ಪ ಗೊತ್ತು, ಚಿಕ್ಕಪ್ಪನ ಬಳಿ ನಂಬರು ಇತ್ತು. ಎಲ್ಲ ಸೇರಿ ಹಿಡಿದದ್ದು ಇಪ್ಪತ್ತು ನಿಮಿಷ. ಇಷ್ಟು ವರ್ಷ ಇರಲಿಲ್ಲ ಎಂದುಕೊಂಡಿದ್ದ ನಂಬರು. 'ಭಾನುವಾರ ಬೆಳಿಗ್ಗೆ ಹತ್ತಕ್ಕೆ, ವರಾಂಡದಲ್ಲಿ ಕೂತು' ಎಂದು ಕ್ಯಾಲೆಂಡರಿನ ಮೇಲೆ ಬರೆದೆ. ಭಾನುವಾರ ಹತ್ತಕ್ಕೆ ಫೋನು ಮಾಡಿದೆ. ಈಗ ಅವರು ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಎರಡು ಮಕ್ಕಳ ತಾಯಿ. ಮೌಲ್ಯಮಾಪನದ ಮಾತೆತ್ತದೆ, ಜ್ವರದ ಮಾತೆತ್ತದೆ, ಅರ್ಜಿ ಡ್ರಾಯರಿನಲ್ಲಿ ಉಳಿದದ್ದು ನನ್ನ ತಪ್ಪು ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

'ಅದರ ಹೆಸರು ಗೌರಿ ಅಂತ ಸಾರ್' ಎಂದರು ಅವರು. ಆಮೇಲೆ, 'ನಿಮ್ಮ ಮಗಳು ಈಗ ಎಲ್ಲಿದ್ದಾಳೆ?' ಎಂದು ಕೇಳಿದರು.